ಹಿರಿಯರ ಸೊಂಟದ ಮೂಳೆ ಮುರಿದರೆ: ಬಿದ್ದ ಗಳಿಗೆಯಿಂದ ಮತ್ತೆ ನಡೆಯುವವರೆಗೆ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೆ ಏಳಲು ಆಗುತ್ತಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಾಣುತ್ತಿದೆ, ಪಾದ ಹೊರಕ್ಕೆ ವಾಲಿದೆ. ಹೀಗಿದ್ದರೆ ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿದೆ ಎಂದೇ ತಿಳಿಯಿರಿ. ಎತ್ತಿ ನಿಲ್ಲಿಸಬೇಡಿ, ಕಾಲನ್ನು ಎಳೆದು ನೇರ ಮಾಡಬೇಡಿ, ತಿಕ್ಕಬೇಡಿ. ಕಾಲು ಇದ್ದ ಹಾಗೇ ದಿಂಬಿನ ಆಸರೆ ಕೊಟ್ಟು ಆಂಬುಲೆನ್ಸ್ ಕರೆಸಿ. ದಿನಾ ನುಂಗುವ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ರಕ್ತ ತೆಳುಮಾಡುವ ಮಾತ್ರೆ ಅದರಲ್ಲಿದ್ದರೆ ವೈದ್ಯರಿಗೆ ಮೊದಲೇ ಗೊತ್ತಾಗಬೇಕು.

ಆಸ್ಪತ್ರೆಯಲ್ಲಿ ಮೊದಲು ಎಕ್ಸ್-ರೇ. ಅದರಲ್ಲಿ ಏನೂ ಕಾಣದಿದ್ದರೂ ಕಾಲೂರಲು ಆಗದಷ್ಟು ನೋವಿದ್ದರೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ತೊಡೆಸಂದಿಯ ಬಳಿ ನರ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆಯೇ ಎಂದು ಕೇಳಿ. ನೋವು ತಗ್ಗಲು ಅದು ತುಂಬಾ ಸಹಾಯ ಮಾಡುತ್ತದೆ.

ಆಗ ಮನೆಮಂದಿಯ ಬಾಯಲ್ಲಿ ಬರುವ ಮಾತು: "ಈ ವಯಸ್ಸಿನಲ್ಲಿ ಆಪರೇಷನ್ ಬೇಕಾ?" ಆ ಭಯ ಸಹಜ. ಆದರೆ ಹಿರಿಯ ಜೀವಕ್ಕೆ ಆಪರೇಷನ್‌ಗಿಂತ ದೊಡ್ಡ ಅಪಾಯ ಹಾಸಿಗೆ. ಅಲುಗಾಡದೆ ಮಲಗಿದರೆ ನ್ಯುಮೋನಿಯಾ, ಬೆನ್ನಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಒಂದರ ಹಿಂದೆ ಒಂದು ಬರುತ್ತವೆ. ಹಾಗಾಗಿ 36ರಿಂದ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮುಗಿಯಬೇಕು ಎನ್ನುವುದು ಸಾಮಾನ್ಯ ಗುರಿ. ಬಿಪಿ, ಶುಗರ್ ಚೂರು ಏರುಪೇರಾಗಿದೆ ಎಂಬ ಒಂದೇ ಕಾರಣಕ್ಕೆ ದಿನಗಟ್ಟಲೆ ಮುಂದೂಡುವುದು ಸರಿಯಲ್ಲ.

ಯಾವ ಆಪರೇಷನ್ ಎಂಬುದು ಮೂಳೆ ಎಲ್ಲಿ ಮುರಿದಿದೆ ಎಂಬುದರ ಮೇಲೆ ನಿಂತಿದೆ. ತೊಡೆಮೂಳೆಯ ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಕುತ್ತಿಗೆ. ಗುಂಡಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಈ ಕುತ್ತಿಗೆಗೆ ಅಂಟಿಕೊಂಡೇ ಮೇಲೇರುತ್ತವೆ. ಕುತ್ತಿಗೆ ಮುರಿದು ಜಾರಿತೆಂದರೆ ಅವೂ ಹರಿದುಹೋಗಬಹುದು. ರಕ್ತವಿಲ್ಲದ ಗುಂಡು ಕ್ರಮೇಣ ಸಾಯುತ್ತದೆ. ಅದಕ್ಕೇ ಹಿರಿಯರಲ್ಲಿ ಅದನ್ನು ಜೋಡಿಸುವ ಬದಲು ತೆಗೆದು, ಲೋಹದ ಕಾಂಡವಿರುವ ಕೃತಕ ಗುಂಡು ಕೂರಿಸುತ್ತಾರೆ. ಬೀಳುವ ಮುಂಚೆ ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಆ ಗುಂಡು ಕೂರುವ ಸೊಂಟದ ಬಟ್ಟಲನ್ನೂ ಸೇರಿಸಿ ಇಡೀ ಕೀಲನ್ನೇ ಬದಲಿಸುವುದುಂಟು. ಮುರಿದರೂ ಜಾರದಿದ್ದರೆ ಸ್ಕ್ರೂಗಳೇ ಸಾಕಾಗಬಹುದು. ಕುತ್ತಿಗೆಯ ಕೆಳಗೆ ಮುರಿದಿದ್ದರೆ ಅಲ್ಲಿ ರಕ್ತ ಧಾರಾಳ, ಮೂಳೆ ಕೂಡಿಕೊಳ್ಳುತ್ತದೆ. ಅಲ್ಲಿಗೆ ಪ್ಲೇಟ್ ಮತ್ತು ಸ್ಕ್ರೂ, ಇಲ್ಲವೇ ಮೂಳೆಯೊಳಗೆ ಇಳಿಸುವ ರಾಡ್.

ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ, ಗಾಬರಿಯಾಗಬೇಡಿ. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ತಲೆಸುತ್ತು ಇಳಿಯುವವರೆಗೆ ಕಾಯುತ್ತಾರೆ. ಆಮೇಲೆ ವಾಕರ್ ಹಿಡಿದು ಎರಡು ಹೆಜ್ಜೆ. ಮಂಡಿ ನಡುಗುತ್ತದೆ, ಪಕ್ಕದಲ್ಲಿ ಪರಿಚಿತ ಮುಖವಿದ್ದರೆ ಧೈರ್ಯ ಬರುತ್ತದೆ.

ಆ ರಾತ್ರಿಗಳಲ್ಲಿ ಕೆಲವರು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತಾಡುತ್ತಾರೆ, ಮನೆಯವರನ್ನೇ ಗುರುತಿಸುವುದಿಲ್ಲ. ಇದು ಹುಚ್ಚಲ್ಲ, ಹೆಚ್ಚಿನವರಲ್ಲಿ ಇಳಿಯುತ್ತದೆ. ಕೂಡಲೇ ನರ್ಸ್‌ಗೆ ಹೇಳಿ, ಕನ್ನಡಕ ಮತ್ತು ಕಿವಿಯ ಮೆಷಿನ್ ಕೈಗೆಟುಕುವಂತಿಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ವಿಷಯ ಹುಡುಕಿ: ಹೆಪ್ಪು ತಡೆಯುವ ಔಷಧ ಎಷ್ಟು ದಿನ, ಮೂಳೆ ಸವೆತಕ್ಕೆ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ತೊಂದರೆಗೆ) ಚಿಕಿತ್ಸೆ ಏನು. ಎರಡನೆಯದು ಬಹಳ ಸಲ ಬಿಟ್ಟುಹೋಗುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಿಕೊಂಡೇ ಹೊರಡಿ. ಇನ್ನೊಂದು ಸೊಂಟ ಇನ್ನೂ ಇದೆ.