ಆರೋಗ್ಯ ನೀತಿಯಲ್ಲಿ ಜನರ ಪಾಲ್ಗೊಳ್ಳುವಿಕೆ: ದಾನಿಗಳು ಬೆಂಬಲಿಸುವ ಬಗೆ

ಆರೋಗ್ಯ ಕ್ಷೇತ್ರಕ್ಕೆ ಹಣ ಕೊಡಲು ಮುಂದೆ ಬರುವ ಟ್ರಸ್ಟುಗಳು, ಕಂಪನಿಗಳು ಮತ್ತು ಅನುಕೂಲಸ್ಥ ಕುಟುಂಬಗಳು ಸಾಮಾನ್ಯವಾಗಿ ಆಂಬುಲೆನ್ಸ್, ಡಯಾಲಿಸಿಸ್ ಯಂತ್ರ, ಆಸ್ಪತ್ರೆಯ ಹೊಸ ಕೊಠಡಿ ಅಥವಾ ಉಚಿತ ತಪಾಸಣಾ ಶಿಬಿರವನ್ನು ಆಯ್ದುಕೊಳ್ಳುತ್ತಾರೆ. ಇವೆಲ್ಲ ಬೇಕಾದವೇ. ಆದರೆ ಆ ಯಂತ್ರ ನಡೆಸುವ ತಂತ್ರಜ್ಞರ ಹುದ್ದೆ ಮಂಜೂರಾಗುವುದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಔಷಧಿ ಹೊತ್ತಿಗೆ ಸರಿಯಾಗಿ ಬರುವುದು, ಊರಿನ ಕುಡಿಯುವ ನೀರಿನ ಪರೀಕ್ಷೆ ನಡೆಯುವುದು ಸರ್ಕಾರದ ನೀತಿ ಮತ್ತು ಬಜೆಟ್ಟಿನಿಂದಲೇ ಹೊರತು ದಾನದಿಂದಲ್ಲ. ಆ ನಿರ್ಧಾರಗಳು ನಡೆಯುವ ಸಭೆಗಳಲ್ಲಿ ಕೂಲಿ ಮಾಡುವ ಹೆಂಗಸೂ ಕುಳಿತು, ಕೇಳಿ, ಲಿಖಿತ ಉತ್ತರ ಪಡೆಯುವಂತಾಗಲು ದಾನಿಯ ಹಣ ಹೇಗೆ ನೆರವಾಗಬಹುದು ಎಂಬುದನ್ನು ಕರ್ನಾಟಕದ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲು ಇರುವ ಸಭೆಗಳನ್ನು ಗುರುತಿಸಿ

ಹೊಸ ವೇದಿಕೆ ಕಟ್ಟುವ ಉತ್ಸಾಹ ದಾನಿಗಳಿಗೆ ಬೇಗ ಬರುತ್ತದೆ. ಅದನ್ನು ತಡೆದುಕೊಳ್ಳಬೇಕು, ಏಕೆಂದರೆ ಕಾನೂನು ಮತ್ತು ಸರ್ಕಾರಿ ಮಾರ್ಗಸೂಚಿಗಳು ಬೇಕಾದಷ್ಟು ವೇದಿಕೆಗಳನ್ನು ಈಗಾಗಲೇ ಕೊಟ್ಟಿವೆ. ಸಂವಿಧಾನದ 73ನೇ ತಿದ್ದುಪಡಿಯ ಜೊತೆಗೆ ಬಂದ 11ನೇ ಅನುಸೂಚಿಯಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನೈರ್ಮಲ್ಯಗಳು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿವೆ. ನಮ್ಮಲ್ಲಿ ವಾರ್ಡ್ ಸಭೆ ಇದೆ, ಗ್ರಾಮ ಸಭೆ ಇದೆ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ಇದೆ. ಹಳ್ಳಿ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯೂ, ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಯೂ ಇವೆ. ಹಳ್ಳಿಯ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ನಿಗದಿಯಾಗಿದೆ. ಮೊತ್ತ ಚಿಕ್ಕದಾದರೂ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಊರಿನವರೇ ಕುಳಿತು ತೀರ್ಮಾನಿಸಬಹುದು ಎಂಬುದರಲ್ಲಿ ಅದರ ಬೆಲೆ ಇದೆ. ದೊಡ್ಡ ಮೊತ್ತವೂ ಸ್ಥಳೀಯ ಸಂಸ್ಥೆಗಳ ಮೂಲಕ ಹರಿದಿದೆ: 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ದೇಶದ ಸ್ಥಳೀಯ ಸಂಸ್ಥೆಗಳ ಮೂಲಕ 70,051 ಕೋಟಿ ರೂಪಾಯಿಯ ಆರೋಗ್ಯ ಅನುದಾನವನ್ನು ಶಿಫಾರಸು ಮಾಡಿತು.

ಹೀಗಾಗಿ ಮೊದಲ ಕೆಲಸವೆಂದರೆ, ನೀವು ನೆರವಾಗಬಯಸುವ ತಾಲ್ಲೂಕಿನಲ್ಲಿ ಈ ಸಭೆಗಳು ನಿಜಕ್ಕೂ ನಡೆಯುತ್ತಿವೆಯೇ, ಅಲ್ಲಿ ಯಾರು ಮಾತಾಡುತ್ತಾರೆ, ನಡಾವಳಿ ಪುಸ್ತಕದಲ್ಲಿ ಏನು ದಾಖಲಾಗುತ್ತದೆ ಎಂಬುದನ್ನು ಕೆಲವು ತಿಂಗಳು ಸುಮ್ಮನೆ ಗಮನಿಸಲು ಸ್ಥಳೀಯ ಸಂಸ್ಥೆಯೊಂದಕ್ಕೆ ಹಣ ಕೊಡುವುದು. ಅನುದಾನದ ವೇಳಾಪಟ್ಟಿಯನ್ನೂ ಸರ್ಕಾರದ ಕ್ಯಾಲೆಂಡರಿಗೆ ಹೊಂದಿಸಬೇಕು. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯ ಪ್ರಕ್ರಿಯೆ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ಏಪ್ರಿಲ್‌ನಿಂದ ಹೊಸ ಆರ್ಥಿಕ ವರ್ಷ. ಜನವರಿಯಲ್ಲಿ ಹಣ ಬಿಡುಗಡೆ ಮಾಡಿ ಮಾರ್ಚ್ ಒಳಗೆ ಬಳಕೆ ಪ್ರಮಾಣಪತ್ರ ಕೇಳುವ ದಾನಿ ಆ ವರ್ಷದ ಯೋಜನೆಯ ಹೊತ್ತನ್ನು ಪೂರ್ತಿ ಕಳೆದುಕೊಂಡಿರುತ್ತಾನೆ.

ಯಾವುದಕ್ಕೆ ಹಣ ಕೊಡಬೇಕು

ನನ್ನ ಅಭಿಪ್ರಾಯದಲ್ಲಿ ಮೊದಲ ಆದ್ಯತೆ ಮನುಷ್ಯರ ಸಮಯಕ್ಕೆ ಸಲ್ಲಬೇಕು. ನಾಲ್ಕೈದು ಪಂಚಾಯಿತಿಗಳಿಗೆ ಒಬ್ಬರಂತೆ, ಆ ಭಾಗದಲ್ಲೇ ವಾಸಿಸುವ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಜೊತೆಗೂ ಆಶಾ ಕಾರ್ಯಕರ್ತೆಯ ಜೊತೆಗೂ ಸಲೀಸಾಗಿ ಮಾತಾಡಬಲ್ಲ ಸಂಚಾಲಕಿಗೆ ಗೌರವದ ಸಂಬಳ ಸಿಕ್ಕರೆ, ಅದು ಯಾವ ತರಬೇತಿ ಕೈಪಿಡಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಸಭೆಯ ಹಿಂದಿನ ದಿನ ಡಂಗುರ ಸಾರಿಸುವುದು, ಕಾಲೋನಿಯ ಹೆಂಗಸರನ್ನು ಕರೆತರುವುದು, ಅವರ ಪ್ರಶ್ನೆಯನ್ನು ಅರ್ಜಿಯ ರೂಪಕ್ಕೆ ತರುವುದು, ತಿಂಗಳ ನಂತರ ಏನು ಕ್ರಮವಾಯಿತೆಂಬ ಅನುಪಾಲನಾ ವರದಿ ಕೇಳುವುದು ಇವೆಲ್ಲ ಅವಳ ಕೆಲಸ. ಕೂಲಿ ಬಿಟ್ಟು ಬರುವ ಸಮಿತಿ ಸದಸ್ಯೆಯರಿಗೆ ಆ ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಅನುದಾನದಲ್ಲೇ ಸೇರಿಸಬೇಕು. ಇದನ್ನು ಆಮಿಷವೆಂದು ಭಾವಿಸಿ ಹಿಂಜರಿಯುವ ದಾನಿಗಳಿದ್ದಾರೆ. ಆದರೆ ಸಭೆಗೆ ಬಂದ ಅಧಿಕಾರಿಗೆ ಸಂಬಳವಿದೆ, ದಾನಿ ಸಂಸ್ಥೆಯ ಪ್ರತಿನಿಧಿಗೂ ಇದೆ; ಇಲ್ಲದಿರುವುದು ಆಕೆಗೆ ಮಾತ್ರ.

ಎರಡನೆಯದು ಮಾಹಿತಿ, ಅದೂ ಕನ್ನಡದಲ್ಲಿ. ಜಿಲ್ಲೆಯ ಆರೋಗ್ಯ ಬಜೆಟ್, ಖಾಲಿ ಹುದ್ದೆಗಳ ಪಟ್ಟಿ, ಆರೋಗ್ಯ ಕೇಂದ್ರದಲ್ಲಿ ಇರಲೇಬೇಕಾದ ಔಷಧಿಗಳ ಪಟ್ಟಿಗಳನ್ನು ಒಂದು ಪುಟದ ಸರಳ ಕನ್ನಡಕ್ಕೆ ಇಳಿಸಿ ಗೋಡೆಯ ಮೇಲೆ ಅಂಟಿಸುವುದಕ್ಕೆ ತಗಲುವ ಖರ್ಚು ಅಲ್ಪ. ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಆ 30 ದಿನಗಳೊಳಗೆ ಕರಡನ್ನು ಅನುವಾದಿಸಿ, ನಾಲ್ಕಾರು ಜಿಲ್ಲೆಗಳಲ್ಲಿ ಓದಿಸಿ, ಜನರ ಅಭಿಪ್ರಾಯ ಕಳಿಸಬೇಕಾದರೆ ಹಣ ಮೊದಲೇ ಸಿದ್ಧವಿರಬೇಕು. ಆಮೇಲೆ ಪ್ರಸ್ತಾವನೆ ಬರೆದು ಮಂಜೂರಾತಿಗೆ ಕಾಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸಹಭಾಗಿ ಸಂಸ್ಥೆಯ ಕೈಯಲ್ಲಿ ಇಂಥ ತುರ್ತಿಗೆಂದೇ ಒಂದು ಚಿಕ್ಕ ನಿಧಿ ಇಡುವುದು ಒಳ್ಳೆಯದು.

ರಾಜ್ಯ ಮಟ್ಟದಲ್ಲೂ ದಾರಿಯಿದೆ. 1999ರ ಕೊನೆಯಲ್ಲಿ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ರಚಿಸಿದ ಆರೋಗ್ಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ನಡುವೆ ವೈದ್ಯರಾಗಿ ಕೆಲಸ ಮಾಡಿದ ಅವರ ಅನುಭವ ಹಾಗೆ ರಾಜ್ಯದ ನೀತಿಯ ಮಾತಿನೊಳಗೆ ಬಂತು. ಅಂಥ ಅನುಭವವನ್ನು ದಾಖಲಿಸುವ ಸಂಶೋಧಕರಿಗೆ, ಸಮುದಾಯ ಆರೋಗ್ಯದ ಯುವ ಅಧ್ಯಯನಕಾರರಿಗೆ ವೇತನ ಕೊಡುವುದು ಫಲ ಕೊಡಲು ಬಹಳ ಕಾಲ ಹಿಡಿಯುವ, ಆದರೆ ಯೋಗ್ಯವಾದ ಹೂಡಿಕೆ.

ಎಷ್ಟು ಕಾಲ, ಅಳೆಯುವುದು ಹೇಗೆ

2007ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಆಧಾರಿತ ಮೇಲ್ವಿಚಾರಣೆಯ ಪ್ರಯೋಗ ಆರಂಭವಾಯಿತು. ಊರಿನವರೇ ಆರೋಗ್ಯ ಸೇವೆಗೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಅಂಕ ಕೊಟ್ಟು, ಅದನ್ನು ವೈದ್ಯಾಧಿಕಾರಿಗಳ ಮುಂದೆ ಜನಸಂವಾದದಲ್ಲಿ ಓದುವ ಕ್ರಮವದು. ಓದು ಬಾರದವರಿಗೂ ತಿಳಿಯುವಂತಿದ್ದದ್ದು ಅದರ ದೊಡ್ಡ ಗುಣ. ಮಹಾರಾಷ್ಟ್ರದಲ್ಲಿ ಮೊದಲ ಹಂತ ಮುಗಿದ ಮೇಲೂ ಅದು ಹಲವು ವರ್ಷ ಮುಂದುವರಿಯಿತು. ಇಂಥ ಕೆಲಸದಲ್ಲಿ ಮೊದಲ ವರ್ಷ ಪರಿಚಯಕ್ಕೆ, ಎರಡನೆಯದು ನಂಬಿಕೆಗೆ ಹೋಗುತ್ತದೆ. ಐದು ವರ್ಷಕ್ಕಿಂತ ಕಡಿಮೆ ಅವಧಿಯ ಬೆಂಬಲ ಕೊಡಬೇಡಿ ಎಂದೇ ನಾನು ಹೇಳುತ್ತೇನೆ.

ಎಷ್ಟು ಸಭೆ ನಡೆಯಿತು, ಎಷ್ಟು ಜನ ಸಹಿ ಹಾಕಿದರು ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಕೇಳಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಲಿಖಿತ ಉತ್ತರ ಬಂತು, ಹೋದ ವರ್ಷ ಬಾಯಿ ತೆರೆಯದಿದ್ದ ಯಾರು ಈ ವರ್ಷ ಮಾತಾಡಿದರು, ಮುಕ್ತ ನಿಧಿಯ ಖರ್ಚನ್ನು ಯಾರು ತೀರ್ಮಾನಿಸಿದರು ಎಂದು ಕೇಳಿ. ಆ ವರ್ಷ ಏನೂ ಬದಲಾಗಲಿಲ್ಲ ಎಂದು ಬರೆಯಲು ಸಂಸ್ಥೆಗೆ ಭಯವಾಗದಂಥ ವರದಿ ಪದ್ಧತಿ ಇರಬೇಕು.

ಕಾನೂನಿನ ಎಲ್ಲೆಗಳು

ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ನಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಬಳಸಬೇಕು. 7ನೇ ಅನುಸೂಚಿಯಲ್ಲಿ ಮುಂಜಾಗ್ರತಾ ಆರೋಗ್ಯವೂ ನೈರ್ಮಲ್ಯವೂ ಇರುವುದರಿಂದ ಸಮಿತಿಗಳ ತರಬೇತಿಯನ್ನು ಅದರಡಿ ರೂಪಿಸಬಹುದು. ಆದರೆ ರಾಜಕೀಯ ಪಕ್ಷಕ್ಕೆ ಕೊಟ್ಟ ಹಣ ಈ ಲೆಕ್ಕಕ್ಕೆ ಬರುವುದಿಲ್ಲ. ಬಹುವರ್ಷದ ಯೋಜನೆಗೂ ಆರಂಭದ ವರ್ಷ ಬಿಟ್ಟು ಮೂರು ವರ್ಷದ ಮಿತಿಯಿದೆ. ಆದ್ದರಿಂದ ದೀರ್ಘಾವಧಿಯ ಭಾರವನ್ನು ಕುಟುಂಬ ಟ್ರಸ್ಟುಗಳು ಮತ್ತು ವೈಯಕ್ತಿಕ ದಾನಿಗಳು ಹೊರುವುದು ಲೇಸು.

ವಿದೇಶಿ ದೇಣಿಗೆಯ ನಿಯಮ ಇನ್ನೂ ಬಿಗಿ. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಒಂದು ಸಂಸ್ಥೆ ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20ನ್ನು ಮೀರುವಂತಿಲ್ಲ. ನಗರದ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಚಿಕ್ಕ ಗುಂಪುಗಳನ್ನು ತಲುಪುವ ಹಳೆಯ ದಾರಿ ಇದರಿಂದ ಮುಚ್ಚಿತು, ಚಿಕ್ಕವರಿಗೆ ಸ್ವದೇಶಿ ಹಣ ಅನಿವಾರ್ಯವಾಯಿತು. ವಿದೇಶದಲ್ಲಿರುವ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ: ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆ ವಿದೇಶಿ ದೇಣಿಗೆ ಎನಿಸುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದವರದು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ.

ದಾನಿಯ ನಡೆ

ಔಷಧಿ, ವಿಮೆ ಅಥವಾ ರೋಗಪತ್ತೆ ವ್ಯವಹಾರದಲ್ಲಿ ಹಿತಾಸಕ್ತಿಯಿರುವ ದಾನಿಯು ಅದನ್ನು ಮೊದಲ ದಿನವೇ ಲಿಖಿತವಾಗಿ ತಿಳಿಸಬೇಕು ಮತ್ತು ಆ ವಿಷಯದ ನೀತಿ ಚರ್ಚೆಗೆ ಹಣ ಕೊಡುವುದರಿಂದ ದೂರ ಉಳಿಯಬೇಕು. ಜನರು ಯಾವ ಬೇಡಿಕೆ ಇಡಬೇಕೆಂದು ದಾನಿ ಹೇಳಿಕೊಡಬಾರದು. ನೀವು ರಕ್ತಹೀನತೆಯ ಬಗ್ಗೆ ಯೋಚಿಸಿ ಹೋಗಿರಬಹುದು, ಊರು ಚರಂಡಿಯ ಬಗ್ಗೆ ಕೇಳಬಹುದು, ಆಗ ಚರಂಡಿಯೇ ವಿಷಯ. ಜನಸಂವಾದದ ವೇದಿಕೆಯ ಮೇಲೆ ದಾನಿಗೆ ಕುರ್ಚಿ ಬೇಡ, ಬ್ಯಾನರಿನಲ್ಲಿ ಹೆಸರೂ ಬೇಡ. ಇನ್ನೊಂದು ಎಚ್ಚರವೂ ಅಗತ್ಯ: ವ್ಯವಸ್ಥೆಯ ಕೊರತೆಗೆ ಜನರ ಸಿಟ್ಟು ಎದುರಿಗೆ ಸಿಗುವ ಶುಶ್ರೂಷಕಿಯ ಮೇಲೋ ಆಶಾ ಕಾರ್ಯಕರ್ತೆಯ ಮೇಲೋ ತಿರುಗುವುದುಂಟು. ಸಂವಾದಕ್ಕೆ ಮುನ್ನ ಅವರ ಜೊತೆ ಪ್ರತ್ಯೇಕವಾಗಿ ಕುಳಿತು, ಅವರ ಕಷ್ಟಗಳನ್ನೂ ಬೇಡಿಕೆ ಪಟ್ಟಿಗೆ ಸೇರಿಸಲು ಸಂಚಾಲಕಿಗೆ ಸಮಯ ಕೊಡಿ.

ಹೊರಡುವ ವರ್ಷವನ್ನು ಒಪ್ಪಂದದಲ್ಲೇ ನಮೂದಿಸಿ, ಕೊನೆಯ ಎರಡು ವರ್ಷ ಅನುದಾನವನ್ನು ಹಂತಹಂತವಾಗಿ ಇಳಿಸಿ. ಆ ಹೊತ್ತಿಗೆ ಸೇರಿರುವ ಅರ್ಜಿಗಳು, ಉತ್ತರಗಳು, ಅಂಕಪಟ್ಟಿಗಳ ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಯಾರು ಬೇಕಾದರೂ ತೆಗೆದು ಓದಬಹುದಾದ ಕಪಾಟಿನಲ್ಲಿ ಇಡಿಸಿ.