ಜೋಡಿ ಬ್ಯಾಟರಿ, ಆರು ವರ್ಷ

ನನ್ನ ಎಲೆಕ್ಟ್ರಿಕ್ ಸೈಕಲ್‌ಗೆ ಒಂದೇ ದಿನ ಎರಡು ಬ್ಯಾಟರಿ ಪ್ಯಾಕ್ ತಂದಿದ್ದೆ. ಒಂದೇ ಮಾದರಿ, ಒಂದೇ ಬ್ಯಾಚ್: 48 ವೋಲ್ಟ್, 14 ಆಂಪಿಯರ್ ಅವರ್ (ಎಎಚ್, ಪ್ಯಾಕ್ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ). ಒಂದನ್ನು ದಿನವೂ ಓಡಿಸಿದೆ. ಇನ್ನೊಂದನ್ನು ಆಪತ್ತಿಗೆ ಇರಲಿ ಎಂದು ಕಪಾಟಿನಲ್ಲಿಟ್ಟು, ತಿಂಗಳಿಗೊಮ್ಮೆ ಮರೆಯದೆ ಫುಲ್ ಚಾರ್ಜ್ ಮಾಡಿ ಮತ್ತೆ ಒಳಗಿಡುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ ಎರಡನ್ನೂ ಅಳೆದೆ. ದಿನಾ ದುಡಿದದ್ದರಲ್ಲಿ 12.3 ಎಎಚ್ ಉಳಿದಿತ್ತು, ಕಪಾಟಿನಲ್ಲಿ ಸುಮ್ಮನೆ ಕುಳಿತದ್ದರಲ್ಲಿ 11.6. ಹೊಸದರಲ್ಲಿ ಎರಡೂ 13.4 ಕೊಟ್ಟಿದ್ದವು. ಅಳತೆ ತಪ್ಪಿರಬೇಕೆಂದು ಮರುವಾರ ಇನ್ನೊಮ್ಮೆ ಅಳೆದೆ. ಅಂಕಿ ಕದಲಲಿಲ್ಲ.

ಬ್ಯಾಟರಿ ಅಂದರೆ ಟೈರಿನ ಹಾಗೆ, ಓಡಿಸಿದಷ್ಟೇ ಸವೆಯುತ್ತದೆ ಅಂದುಕೊಂಡಿದ್ದ ನನಗೆ ಅದು ದೊಡ್ಡ ಪೆಟ್ಟು. ಅಂದಿನಿಂದ ಪ್ರತಿ ಪ್ಯಾಕಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಇಟ್ಟು ಬರೆದುಕೊಳ್ಳುತ್ತ ಬಂದಿದ್ದೇನೆ.

ಅಳೆಯುವ ಬಗೆಯನ್ನು ಮೊದಲೇ ಹೇಳಿಬಿಡುತ್ತೇನೆ, ಡಿಸ್‌ಪ್ಲೇ ಮೇಲಿನ ಗೆರೆ ನೋಡಿ ಬ್ಯಾಟರಿಯ ಆರೋಗ್ಯ ಹೇಳಲು ಬರುವುದಿಲ್ಲ. ಕಾರಿನ ಹೆಡ್‌ಲೈಟಿನ 12 ವೋಲ್ಟ್, 55 ವ್ಯಾಟ್ ಬಲ್ಬು ನಾಲ್ಕನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿ ತಗಡಿನ ಮೇಲೆ ಕೂರಿಸಿದ್ದೇನೆ. ಪ್ಯಾಕಿಗೂ ಬಲ್ಬಿಗೂ ನಡುವೆ ಒಂದು ವ್ಯಾಟ್ ಮೀಟರ್. ಬಲ್ಬುಗಳು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತವೆ, ಪ್ಯಾಕ್ ಬರಿದಾಗಲು ಹತ್ತಿರ ಹತ್ತಿರ ಮೂರು ಗಂಟೆ. ಶುರುವಿನಲ್ಲಿ ಕಣ್ಣು ಕೋರೈಸುವ ಬೆಳಕು, ಹೋಗ್ತಾ ಹೋಗ್ತಾ ಹಳದಿ. 40 ವೋಲ್ಟ್ ಮುಟ್ಟಿದೊಡನೆ ಕನೆಕ್ಟರ್ ಬಿಡಿಸಿ, ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳುತ್ತೇನೆ. ಬಲ್ಬುಗಳು ಮುಟ್ಟಲಾಗದಷ್ಟು ಕಾಯುವುದರಿಂದ ಆ ಮೂರು ಗಂಟೆ ಅಲ್ಲಿಂದ ಏಳುವುದಿಲ್ಲ. ವರ್ಷಕ್ಕೆ ಎರಡೇ ಸಲ ಈ ಪರೀಕ್ಷೆ, ಅದೇ ಕೋಣೆ, ಆದಷ್ಟೂ ಅದೇ ಉಷ್ಣತೆಯಲ್ಲಿ. ಬ್ಯಾಟರಿ ತಣ್ಣಗಿದ್ದರೆ ಕಡಿಮೆ ಕೊಡುತ್ತದೆ, ಆಗ ಹೋಲಿಕೆಗೆ ಅರ್ಥವಿರುವುದಿಲ್ಲ.

ಈ ಪ್ಯಾಕಿನೊಳಗೆ ಇರುವುದು 52 ಸೆಲ್. ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ 18650 ಎಂಬ ಹೆಸರು. ನಾಲ್ಕು ನಾಲ್ಕು ಸೆಲ್ ಸಮಾಂತರವಾಗಿ ಸೇರಿ ಒಂದು ಗುಂಪು, ಅಂಥ 13 ಗುಂಪು ಸರಣಿಯಲ್ಲಿ. ಪೂರ್ತಿ ತುಂಬಿದಾಗ ಗುಂಪಿಗೆ 4.2 ವೋಲ್ಟ್, ಹದಿಮೂರಕ್ಕೂ ಸೇರಿ 54.6.

ಕಪಾಟಿನಲ್ಲಿದ್ದ ಪ್ಯಾಕ್ ಯಾಕೆ ಬೇಗ ಮುದಿಯಾಯಿತು? ಆ ಕಪಾಟಿನ ಬೆನ್ನಿಗಿದ್ದ ಗೋಡೆಗೆ ಮಧ್ಯಾಹ್ನವಿಡೀ ಬಿಸಿಲು. ಬಾಗಿಲು ತೆರೆದರೆ ಸೆಕೆ ಮುಖಕ್ಕೆ ಬಡಿಯುತ್ತಿತ್ತು. ಅಂಥ ಜಾಗದಲ್ಲಿ ಪ್ಯಾಕ್ ವರ್ಷವಿಡೀ 54 ವೋಲ್ಟಿನ ಆಸುಪಾಸಿನಲ್ಲೇ ಇತ್ತು, ಸ್ವಲ್ಪ ಇಳಿದರೆ ನಾನೇ ಮತ್ತೆ ತುಂಬಿಸುತ್ತಿದ್ದೆ. ಲಿಥಿಯಂ ಸೆಲ್‌ಗೆ ಇದಕ್ಕಿಂತ ಕೆಟ್ಟ ವಾಸವಿಲ್ಲ. ಸೆಲ್ ತುಂಬಿದಾಗ ಗ್ರಾಫೈಟ್ ಇರುವ ಋಣ ವಿದ್ಯುದಗ್ರದೊಳಗೆ ಲಿಥಿಯಂ ಕಿಕ್ಕಿರಿದಿರುತ್ತದೆ. ಅದರ ಮೇಲ್ಮೈಯಲ್ಲಿ ಒಂದು ತೆಳು ಪದರವಿರುತ್ತದೆ, ಸೆಲ್ ಉಳಿಯಲು ಅದು ಬೇಕೇ ಬೇಕು. ಆದರೆ ಆ ಪದರ ದಪ್ಪವಾಗುತ್ತ ಹೋದಷ್ಟೂ ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ, ಹೆಚ್ಚಿನ ವೋಲ್ಟೇಜಿಗೆ ಧನ ವಿದ್ಯುದಗ್ರದ ಬಳಿ ಎಲೆಕ್ಟ್ರೋಲೈಟ್, ಅಂದರೆ ಲಿಥಿಯಂ ಓಡಾಡುವ ದ್ರವ, ಕೆಡತೊಡಗುತ್ತದೆ. ಎರಡಕ್ಕೂ ಶಾಖ ಇಂಬು ಕೊಡುತ್ತದೆ. ದಿನಾ ಓಡುತ್ತಿದ್ದ ಪ್ಯಾಕ್ ಬೆಳಿಗ್ಗೆ ಒಂದು ಹೊತ್ತು ಮಾತ್ರ ತುಂಬಿರುತ್ತಿತ್ತು, ಸಂಜೆಗೆ ಅರ್ಧಕ್ಕೆ ಬರುತ್ತಿತ್ತು. ದುಡಿತವೇ ಅದನ್ನು ಕಾಪಾಡಿತ್ತು.

ಹಾಗೆಂದು ಮೊದಲೆರಡು ವರ್ಷದ ನಷ್ಟವೆಲ್ಲ ನನ್ನ ತಪ್ಪಿನದೇ ಅಲ್ಲ. ಆ ಪದರ ಹೊಸದರಲ್ಲಿ ಬೇಗ ಬೆಳೆದು ಆಮೇಲೆ ನಿಧಾನವಾಗುತ್ತದೆ, ಆದ್ದರಿಂದ ಮೊದಲ ವರ್ಷದ ಇಳಿತ ನೋಡಿ ಗಾಬರಿಯಾಗಬೇಕಿಲ್ಲ.

ಅಂದಿನಿಂದ ಅಭ್ಯಾಸ ಬದಲಾಯಿಸಿದೆ. ಕೂರುವ ಪ್ಯಾಕನ್ನು 48 ವೋಲ್ಟಿನ ಹತ್ತಿರ, ಅಂದರೆ ಸುಮಾರು ಅರ್ಧ ಚಾರ್ಜಿನಲ್ಲಿ, ಮನೆಯಲ್ಲೇ ತಂಪಾದ ಮೂಲೆಯಲ್ಲಿಟ್ಟೆ. ಎರಡು ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿದರೆ ಸಾಕು. ಓಡುವ ಪ್ಯಾಕನ್ನು 52.5 ವೋಲ್ಟಿಗೆ ನಿಲ್ಲಿಸತೊಡಗಿದೆ, ಇದು ಹೆಚ್ಚುಕಡಿಮೆ ಶೇ 80ರ ಮಟ್ಟ. ನನ್ನ ಚಾರ್ಜರ್ ಎರಡು ಆಂಪಿಯರಿನದು, ಗಂಟೆಗೆ ಎರಡು ಎಎಚ್ ತುಂಬುತ್ತದೆ ಎಂಬ ಲೆಕ್ಕದ ಮೇಲೆ ಒಂದು ಟೈಮರ್ ಹಾಕಿ ಕೆಲಸ ನಡೆಸಿದೆ. ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕುವುದನ್ನೂ ಬಿಟ್ಟೆ. ಪ್ಯಾಕಿನ ಮೈಗೆ ಕೈಯ ಹಿಂಬದಿ ತಾಗಿಸಿ, ಬೆಚ್ಚಗಿದ್ದರೆ ಒಂದು ಗಂಟೆ ಬಿಡುತ್ತೇನೆ. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಕಡೆ ಇರುವವರಿಗೆ ಇದರ ತಿರುಗು ಮುಖ: ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನೊಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಪ್ಯಾಕನ್ನು ಒಳಗೆ ತಂದು ಬೆಚ್ಚಗಾಗಲು ಬಿಟ್ಟೇ ಚಾರ್ಜಿಗೆ ಹಾಕಬೇಕು.

ನಾಲ್ಕನೆಯ ವರ್ಷ ಒಂದು ಏರಿನಲ್ಲಿ ಮೋಟಾರ್ ಗಕ್ಕನೆ ನಿಂತಿತು. ಡಿಸ್‌ಪ್ಲೇ ಮೇಲೆ ಐದರಲ್ಲಿ ಎರಡು ಗೆರೆ ಇನ್ನೂ ಇತ್ತು. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಜೀವ ಬರುವುದು, ಏರಿಗೆ ಮುಖ ಮಾಡಿದರೆ ಮತ್ತೆ ಸಾಯುವುದು. ತಳ್ಳಿಕೊಂಡು ಮನೆಗೆ ಬಂದೆ.

ಆ ಸಂಜೆ ಪ್ಯಾಕಿನ ಮುಚ್ಚಳ ತೆಗೆದು, ಪ್ರತಿ ಗುಂಪಿನ ವೋಲ್ಟೇಜ್ ಕಾಯುವ ಬೋರ್ಡಾದ ಬಿಎಂಎಸ್‌ಗೆ ಹೋಗುವ ತೆಳು ತಂತಿಗಳ ಸಾಕೆಟ್ಟಿನಲ್ಲಿ ಮಲ್ಟಿಮೀಟರಿನ ಸೂಜಿಮೊನೆ ಇಟ್ಟು ಗುಂಪು ಗುಂಪಾಗಿ ಅಳೆದೆ. ಇಲ್ಲಿ ಕೈ ಜಾರಿ ಎರಡು ಪಿನ್ ಒಂದಾದರೆ ಕಿಡಿ ಹಾರುತ್ತದೆ, ಅದಕ್ಕೇ ಮೊನೆಗಳಿಗೆ ತುದಿಯೊಂದನ್ನು ಬಿಟ್ಟು ಟೇಪ್ ಸುತ್ತಿದ್ದೆ. ಮೊದಲನೆಯದು 3.52. ಎರಡನೆಯದು 3.52. 3.51, 3.53, 3.52, 3.52. ಏಳನೆಯದು 3.21. ಉಳಿದ ಆರೂ ಮತ್ತೆ 3.52ರ ಅಕ್ಕಪಕ್ಕ. ಏರಿನಲ್ಲಿ ಕರೆಂಟ್ ಹೆಚ್ಚು ಎಳೆದಾಗ ಈ ಏಳನೆಯ ಗುಂಪು ಕೆಳಮಿತಿಗಿಂತ ಇಳಿದು, ಬಿಎಂಎಸ್ ತನ್ನ ಕೆಲಸ ತಾನು ಮಾಡಿ ಇಡೀ ಪ್ಯಾಕನ್ನು ಕಡಿದಿತ್ತು. ಡಿಸ್‌ಪ್ಲೇ ನೋಡುವುದು ಹದಿಮೂರರ ಮೊತ್ತವನ್ನು, ಒಳಗೊಬ್ಬ ಉಪವಾಸವಿರುವುದು ಅದಕ್ಕೆ ತಿಳಿಯುವುದಿಲ್ಲ.

ಕಾರಣ ನನ್ನ ಹೊಸ ಅಭ್ಯಾಸವೇ. ನನ್ನ ಬಿಎಂಎಸ್ ಗುಂಪುಗಳನ್ನು ಸರಿದೂಗಿಸುವುದು ಚಾರ್ಜಿನ ತೀರಾ ಕೊನೆಯಲ್ಲಿ ಮಾತ್ರ, ಗುಂಪಿನ ವೋಲ್ಟೇಜ್ 4.18 ದಾಟಿದ ಮೇಲೆ, ಹೆಚ್ಚಿರುವ ಗುಂಪಿನ ವಿದ್ಯುತ್ತನ್ನು ಪುಟ್ಟ ರೆಸಿಸ್ಟರಿನಲ್ಲಿ ಸುಟ್ಟು. ಎರಡು ವರ್ಷ ಶೇ 80ಕ್ಕೇ ನಿಲ್ಲಿಸಿದ್ದರಿಂದ ಅಳತೆಯ ದಿನ ಬಿಟ್ಟರೆ ಆ ಮಟ್ಟಕ್ಕೆ ಹೋಗಿರಲೇ ಇಲ್ಲ. ಏಳನೆಯ ಗುಂಪು ತನ್ನಷ್ಟಕ್ಕೆ ತುಸು ಹೆಚ್ಚು ಸೋರುತ್ತಿತ್ತು, ಆ ಸೋರಿಕೆ ತಿಂಗಳು ತಿಂಗಳು ಕೂಡುತ್ತ ಬಂದಿತ್ತು.

ಫುಲ್ ಚಾರ್ಜಿಗೆ ಹಾಕಿ, ಹಸಿರು ದೀಪ ಬಂದ ಮೇಲೂ ತೆಗೆಯದೆ ಬಿಟ್ಟೆ. ದೀಪ ಹಸಿರಾಗುವುದು, ಸ್ವಲ್ಪ ಹೊತ್ತಿಗೆ ಕೆಂಪಾಗುವುದು, ಮತ್ತೆ ಹಸಿರು. ಸುಡುವ ಕರೆಂಟ್ ಬರೀ 50 ಮಿಲಿಆಂಪಿಯರ್, ವ್ಯತ್ಯಾಸ ಒಂದೂವರೆ ಎಎಚ್ ಹತ್ತಿರ, ಹಾಗಾಗಿ ಸುಮಾರು 30 ಗಂಟೆ ಬೇಕು. ಮಲಗಿರುವಾಗ ಚಾರ್ಜರ್ ಚಾಲೂ ಇಡುವುದಿಲ್ಲವಾದ್ದರಿಂದ ಮೂರು ಹಗಲು ಹಿಡಿಯಿತು. ಕೊನೆಗೆ ಹದಿಮೂರೂ 4.18 ಮತ್ತು 4.20ರ ನಡುವೆ ಬಂದು ನಿಂತವು.

ಗುಂಪು ಬರೀ ಹಿಂದೆ ಬಿದ್ದಿತ್ತೋ, ಅಥವಾ ಒಳಗೇ ಸೋತಿತ್ತೋ? ಇದನ್ನು ತಿಳಿಯದೆ ಪ್ಯಾಕ್ ಸರಿಹೋಯಿತು ಎನ್ನಲಾಗದು. ಮತ್ತೆ ಬಲ್ಬು ಹಚ್ಚಿ, ಕೊನೆಯ ಅರ್ಧ ಗಂಟೆ ಏಳನೆಯದರ ಮೇಲೇ ಮೀಟರ್ ಇಟ್ಟುಕೊಂಡು ಕುಳಿತೆ. ಸೋತ ಗುಂಪಾದರೆ ಉಳಿದವಕ್ಕಿಂತ ಮುಂಚೆ ಕುಸಿಯಬೇಕಿತ್ತು. ಅದು ಎಲ್ಲರ ಜೊತೆಗೇ ಇಳಿಯಿತು, ವ್ಯತ್ಯಾಸ 0.04 ವೋಲ್ಟ್ ದಾಟಲಿಲ್ಲ. ಇಡೀ ಪ್ಯಾಕ್ 11.5 ಎಎಚ್ ಕೊಟ್ಟಿತು. ಎಷ್ಟೋ ಪ್ಯಾಕುಗಳು ಈ ಪರೀಕ್ಷೆಯಿಲ್ಲದೆಯೇ ಸತ್ತವೆಂದು ಎನಿಸಿಕೊಂಡು ಹೊರಹೋಗುತ್ತವೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಈಗ ದಿನನಿತ್ಯ 52.5, ತಿಂಗಳಿಗೊಮ್ಮೆ ಮಾತ್ರ ಪೂರ್ತಿ. ದೂರ ಹೋಗುವ ದಿನದ ಬೆಳಿಗ್ಗೆಯೇ ಆ ಫುಲ್ ಚಾರ್ಜ್ ಮುಗಿಯುವಂತೆ ನೋಡಿಕೊಳ್ಳುತ್ತೇನೆ, ತುಂಬಿದ್ದು ತುಂಬಿಯೇ ಕೂರಬಾರದು. ಒಂದು ಮಾತು, ಇದೆಲ್ಲ ನಿಕ್ಕಲ್ ಆಧಾರಿತ ಲಿಥಿಯಂ ಸೆಲ್‌ಗಳ ಅನುಭವ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ತುಂಬಿದಾಗ 3.65 ವೋಲ್ಟ್, ನಡುವೆಲ್ಲ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಅದರ ಲೆಕ್ಕವೇ ಬೇರೆ.

ಆರನೆಯ ವರ್ಷಕ್ಕೆ ಓಡುವ ಪ್ಯಾಕ್ 10.6ಕ್ಕೆ ಬಂದಿದೆ, ಹೊಸದರ ಶೇ 79. ಕಪಾಟಿನದು, ಈಗ ಅದನ್ನೂ ಆಗೀಗ ಓಡಿಸುತ್ತೇನೆ, 11.0ರಲ್ಲಿ ನಿಂತಿದೆ. ಎರಡನೆಯ ವರ್ಷ ಹಿಂದಿದ್ದದ್ದು ತಂಪಾದ ಮೂಲೆಯಲ್ಲಿ ಅರ್ಧ ಹೊಟ್ಟೆಯಲ್ಲಿ ಕುಳಿತು ಮುಂದಾಯಿತು.

ಆದರೆ ಸವಾರಿಯಲ್ಲಿ ಮೈಗೆ ತಾಗುವ ವಯಸ್ಸು ಎಎಚ್‌ನಲ್ಲಿಲ್ಲ, ಆಂತರಿಕ ರೋಧದಲ್ಲಿದೆ, ಅಂದರೆ ಪ್ಯಾಕ್ ತನ್ನೊಳಗೇ ಕರೆಂಟಿಗೆ ಒಡ್ಡುವ ತಡೆಯಲ್ಲಿ. ಹೊಸದರಲ್ಲಿ 20 ಆಂಪಿಯರ್ ಎಳೆದರೆ ವೋಲ್ಟೇಜ್ 2 ವೋಲ್ಟ್ ಕುಗ್ಗುತ್ತಿತ್ತು, ಈಗ 3.8. ಅಂದರೆ 0.1 ಓಮ್ ಇದ್ದದ್ದು 0.19 ಆಗಿದೆ, ಏರಿನಲ್ಲಿ ಪ್ಯಾಕಿನೊಳಗೇ 76 ವ್ಯಾಟ್ ಶಾಖವಾಗುತ್ತದೆ. ಮೋಟಾರಿಗೆ ಕರೆಂಟ್ ಅಳೆದು ಬಿಡುವ ಕಂಟ್ರೋಲರಿನ ಮಿತಿಯನ್ನು 14 ಆಂಪಿಯರಿಗೆ ಇಳಿಸಿದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು 37 ವ್ಯಾಟಿಗೆ ಬಂತು, ಉಳಿದದ್ದನ್ನು ಕಾಲು ತುಂಬಿಕೊಡುತ್ತದೆ. ಪ್ಯಾಕ್ ಈಗ ಏರಿನ ತುದಿಯಲ್ಲೂ ಉಗುರುಬೆಚ್ಚಗಷ್ಟೇ.

ಏಳನೆಯ ಗುಂಪಿನ ನಾಲ್ಕು ಸೆಲ್ ಕಿತ್ತು ಹೊಸದು ಹಾಕಿದರಾಯಿತು ಎಂದು ಗೆಳೆಯನೊಬ್ಬ ಹೇಳಿದ. ನಾನು ಹಾಕಲಿಲ್ಲ. ಹೊಸ ನಾಲ್ಕು ಬಂದರೂ ಉಳಿದ ಹನ್ನೆರಡು ಗುಂಪಿನಲ್ಲಿ ಅತಿ ದುರ್ಬಲವಾದದ್ದೇ ಮುಂದಿನ ಮಿತಿ. ಅದಕ್ಕಾಗಿ ಜೀವಂತ ಪ್ಯಾಕಿನಲ್ಲಿ ನಿಕ್ಕಲ್ ಪಟ್ಟಿ ಕೀಳುವುದು, ಇಕ್ಕಳ ಜಾರಿದರೆ ಶಾರ್ಟ್ ಆಗುವುದು, ಆ ಅಪಾಯಕ್ಕೆ ತಕ್ಕ ಫಲವಿಲ್ಲ.

ಹದಿನೈದು ದಿನಕ್ಕೊಮ್ಮೆ ಹದಿಮೂರು ಅಂಕಿ ಬರೆಯುತ್ತೇನೆ. ಈ ವಾರ ಏಳನೆಯದು ಉಳಿದವಕ್ಕಿಂತ 0.02 ವೋಲ್ಟ್ ಕೆಳಗಿದೆ, ಏರಿನಲ್ಲಿ 0.1. ಈ ಎರಡನೆಯ ಅಂಕಿ 0.3 ದಾಟಿದ ದಿನ ಪ್ಯಾಕನ್ನು ಸೈಕಲ್‌ನಿಂದ ಇಳಿಸಿ, ಕನೆಕ್ಟರಿಗೆ ಟೇಪ್ ಸುತ್ತಿ, ಲಿಥಿಯಂ ಮರುಬಳಕೆಗೆ ಕೊಡುತ್ತೇನೆ. ಅದರ ಪುಟದಲ್ಲಿ ಇನ್ನೂ ಹನ್ನೊಂದು ಸಾಲು ಖಾಲಿ ಇವೆ.