75 ಡಿಗ್ರಿಗೆ ಕಾಯಿಸಿ ತೆಗೆದ ಕಾಯಿಲ್ಡ್-ಕಾಯಿಲ್ ಜೋಡಿ: ನನ್ನ ಅನುಭವ

ಕಾಯಿಲ್ಡ್-ಕಾಯಿಲ್ ಎಂದರೆ ಹಗ್ಗದಂತೆ ಒಂದಕ್ಕೊಂದು ಹೆಣೆದುಕೊಂಡ ಪ್ರೋಟೀನ್ ಸುರುಳಿಗಳು. ಮೂವತ್ತು ಅಮೈನೊ ಆಮ್ಲಗಳ ಪೆಪ್ಟೈಡನ್ನು (ಪುಟ್ಟ ಪ್ರೋಟೀನ್ ಎಳೆ) ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳಾದ ಪ್ರೋಟಿಯೇಸ್‌ಗಳು ತಿಂದು ಮುಗಿಸುತ್ತವೆ, ದುಡ್ಡು ಕೊಟ್ಟು ಸಿಂಥೆಸಿಸ್ ಮಾಡಿಸುವುದೇ ವಾಸಿ ಎಂದು ಬೆಂಗಳೂರಿನಲ್ಲಿ ಕೇಳಿದವರೆಲ್ಲ ಹೇಳಿದ್ದರು. ಈಗ ಆಮ್ಲೀಯ ಎಳೆ, ಕ್ಷಾರೀಯ ಎಳೆ ಎರಡೂ ಲೀಟರ್ ಕಲ್ಚರಿಗೆ ತಲಾ 8–10 ಮಿಲಿಗ್ರಾಂ ಬರುತ್ತಿವೆ. ಒಂಟಿಯಾಗಿದ್ದಾಗ ಸುರುಳಿಯಾಗುವುದಿಲ್ಲ, ಬೆರೆಸಿದೊಡನೆ ಜೋಡಿ ಕಟ್ಟುತ್ತವೆ. ಆಗ ಬೇಡವೆಂದವರೇ ಈಗ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಕೇಳುತ್ತಿದ್ದಾರೆ.

ಹಣದ ಲೆಕ್ಕವೇ ಈ ದಾರಿಗೆ ತಂದದ್ದು. ಎರಡು ಪೆಪ್ಟೈಡ್, ತಲಾ 5 ಮಿಲಿಗ್ರಾಂ, 95 ಶೇಕಡಾ ಶುದ್ಧಿ ಎಂದರೆ ಸುಮಾರು 60–70 ಸಾವಿರ, ಮೇಲೆ 18 ಶೇಕಡಾ ಜಿಎಸ್‌ಟಿ. ಆ 5 ಮಿಲಿಗ್ರಾಂನಲ್ಲಿ ಟ್ರೈಫ್ಲೋರೋ ಅಸಿಟೇಟ್ ಉಪ್ಪು, ನೀರು ಕಳೆದರೆ ಉಳಿಯುವುದು ಮುಕ್ಕಾಲು ಪಾಲು. ಅಣುವಿನ ತೂಕ ಅಳೆಯುವ ಅಲ್ಟ್ರಾಸೆಂಟ್ರಿಫ್ಯೂಜಿಗೆ ಒಂದು ಸಲ ಹಾಕಿದರೆ ಅದರಲ್ಲೂ ಅರ್ಧ ಖಾಲಿ. ಎರಡೂ ಜೀನ್ ಸೇರಿ ನನಗೆ ಬಿದ್ದದ್ದು 12 ಸಾವಿರದ ಆಸುಪಾಸು, ಅದೂ ಒಂದೇ ಸಲ.

ವಿನ್ಯಾಸ ಸರಳ. ನಾಲ್ಕು ಹೆಪ್ಟಾಡ್ (ಏಳು ಅಮೈನೊ ಆಮ್ಲಗಳ ಗುಂಪು, ಜಾಗಗಳಿಗೆ ಎ ಇಂದ ಜಿ ತನಕ ಹೆಸರು), ಎ ಜಾಗದಲ್ಲಿ ಐಸೊಲ್ಯೂಸಿನ್, ಡಿ ಜಾಗದಲ್ಲಿ ಲ್ಯೂಸಿನ್. ಇ ಮತ್ತು ಜಿ ಜಾಗಗಳಲ್ಲಿ ಒಂದು ಎಳೆಗೆ ಪೂರ್ತಿ ಗ್ಲುಟಮೇಟ್ (ಋಣ ಚಾರ್ಜ್), ಇನ್ನೊಂದಕ್ಕೆ ಪೂರ್ತಿ ಲೈಸಿನ್ (ಧನ ಚಾರ್ಜ್). ಬಿ, ಸಿ ಅಲನಿನ್. ಇಲ್ಲೊಂದು ವಿಷಯ ಹಲವರು ಮರೆಯುತ್ತಾರೆ: ಒಂದು ಎಳೆಯ ಇ, ಜಿ ಎಲ್ಲ ಒಂದೇ ಚಾರ್ಜ್ ಆದಾಗ ಎಳೆಗಳು ಒಂದೇ ದಿಕ್ಕಿಗೆ ನಿಂತರೂ ಎದುರುಬದುರು ನಿಂತರೂ ಚಾರ್ಜ್‌ಗಳು ಹೊಂದುತ್ತವೆ. ಒಂದು ಹೆಪ್ಟಾಡ್ ಜಾರಿದರೂ ಬಹುಪಾಲು ಹೊಂದುತ್ತವೆ. ಹಾಗಾಗಿ ಎರಡನೇ ಹೆಪ್ಟಾಡಿನ ಎ ಜಾಗದಲ್ಲಿ ಎರಡೂ ಎಳೆಗೆ ಆಸ್ಪರಜಿನ್ ಇಡಲೇಬೇಕು. ಎಳೆಗಳು ತಾಗುವ ಒಳಭಾಗದಲ್ಲಿ, ಅಂದರೆ ಕೋರಿನೊಳಗೆ, ಅದಕ್ಕೆ ಎದುರಿನ ಆಸ್ಪರಜಿನ್ನೇ ಬೇಕು, ಐಸೊಲ್ಯೂಸಿನ್ ಸಿಕ್ಕರೆ ಜೋಡಿ ಸಡಿಲ. ಇದರಿಂದ ಕರಗುವ (ಜೋಡಿ ಬಿಚ್ಚಿಕೊಳ್ಳುವ) ತಾಪಮಾನ ಸುಮಾರು 20 ಡಿಗ್ರಿ ಇಳಿಯಿತು. ಇಳಿಯಲಿ, ದಿಕ್ಕು ಮತ್ತು ಸಾಲು ಸರಿಯಾಗಿರುವುದು ಮುಖ್ಯ. ಎಫ್ ಜಾಗಗಳಲ್ಲಿ ಏನನ್ನು ಯಾವ ಕ್ರಮದಲ್ಲಿ ಹಾಕಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರೋಟೀನ್ ಆಕಾರ ಊಹಿಸುವ ಆಲ್ಫಾಫೋಲ್ಡ್ ಪ್ರೋಗ್ರಾಂನ ಮಾತು ಇಲ್ಲಿ ನಂಬಬೇಡಿ: ಎರಡು ಪ್ರತಿ ಕೊಟ್ಟರೆ ಚಂದದ ಜೋಡಿ, ನಾಲ್ಕು ಕೊಟ್ಟರೆ ಅಷ್ಟೇ ಚಂದದ ನಾಲ್ಕೆಳೆ ತೋರಿಸಿತು.

ಜೀನ್ ಹಂತದಲ್ಲೇ ಮೊದಲ ಸೋಲು. ನಾಲ್ಕು ಹೆಪ್ಟಾಡಿಗೂ ಒಂದೇ ಕೋಡಾನ್ (ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರದ ಡಿಎನ್‌ಎ ಸಂಕೇತ) ಸಾಲು ಇದ್ದರೆ ಜೀನ್ ತಯಾರಕರು ಪುನರಾವರ್ತನೆ ಎಂದು ವಾಪಸ್ ಕಳಿಸುತ್ತಾರೆ. ಪ್ರೈಮರ್‌ ಎಂಬ ಸಣ್ಣ ಡಿಎನ್‌ಎ ತುಂಡುಗಳಿಂದ ಜೋಡಿಸಹೋದರೆ ಅವು ಜಾರಿ ಮೂರು ಹೆಪ್ಟಾಡಿನ ತುಂಡುಗಳೂ ಬರುತ್ತವೆ. ಲ್ಯೂಸಿನ್‌ಗೆ ಆರು, ಅಲನಿನ್‌ಗೆ ನಾಲ್ಕು ಕೋಡಾನ್ ಇವೆ, ಅವನ್ನು ಹೆಪ್ಟಾಡಿನಿಂದ ಹೆಪ್ಟಾಡಿಗೆ ಬದಲಿಸಿ. ಲೈಸಿನ್, ಗ್ಲುಟಮೇಟ್‌ಗೆ ಎರಡೆರಡೇ, ಅವನ್ನು ಅದಲುಬದಲು ಮಾಡಿ. ಐಸೊಲ್ಯೂಸಿನ್‌ಗೆ ಎಟಿಎ ಬೇಡ, ಇ. ಕೋಲೈಯಲ್ಲಿ ಅದು ಅಪರೂಪದ್ದು.

ಪ್ರೋಟಿಯೇಸ್ ಕಾಟಕ್ಕೆ ಮದ್ದು ಹಿಸ್ಟಿಡಿನ್ ಟ್ಯಾಗ್ (ನಿಕಲ್‌ಗೆ ಅಂಟುವ ಬಾಲ) ಇರುವ ಜಿಬಿ1 ಎಂಬ ಪುಟ್ಟ ಪ್ರೋಟೀನ್ ಜೊತೆಗಿನ ಫ್ಯೂಷನ್, ಅಂದರೆ ಎರಡನ್ನೂ ಒಂದೇ ಎಳೆಯಾಗಿ ಬೆಸೆಯುವುದು. ನಡುವೆ ಗ್ಲೈಸಿನ್-ಸೆರಿನ್ ಲಿಂಕರ್, ಟಿಇವಿ ಕಿಣ್ವ ಕತ್ತರಿಸುವ ಸೈಟ್. ಸೈಟು ಸುರುಳಿಗೆ ಅಂಟಿಕೊಂಡಿದ್ದರೆ ಟಿಇವಿ ಅರ್ಧವೂ ಕತ್ತರಿಸುವುದಿಲ್ಲ. ಜಿಬಿ1 ಆಯ್ದದ್ದಕ್ಕೆ ಕಾರಣ ಶಾಖ. ಕೋಶಗಳನ್ನು ಒಡೆದು ಲೈಸೇಟನ್ನು 75 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ಬ್ಯಾಕ್ಟೀರಿಯಾದ ಬಹುಪಾಲು ಪ್ರೋಟೀನ್ ಗರಣೆಗಟ್ಟಿ ಕೆಳಗೆ ಕೂರುತ್ತದೆ, ನಮ್ಮ ಫ್ಯೂಷನ್ ಮೇಲಿನ ದ್ರವದಲ್ಲೇ ಉಳಿಯುತ್ತದೆ. ಪ್ರೋಟಿಯೇಸ್‌ಗಳೂ ಬಹುತೇಕ ಅಲ್ಲೇ ಮುಗಿಯುತ್ತವೆ. 50 ಮಿಲಿಲೀಟರ್ ಟ್ಯೂಬ್ ತುಂಬಿ ಇಟ್ಟರೆ ನಡುಭಾಗ ಬಿಸಿಯಾಗುವುದೇ ಇಲ್ಲ, 10 ಮಿಲಿಲೀಟರ್‌ನಂತೆ ಹಂಚಿ. ಲ್ಯಾಬಿನ ವಾಟರ್ ಬಾತ್ ನಾಲ್ಕೈದು ಡಿಗ್ರಿ ಓಲಾಡುತ್ತಿತ್ತು. ಎಸ್.ಪಿ. ರೋಡಿನಲ್ಲಿ ಪಿಐಡಿ ಕಂಟ್ರೋಲರ್, ರಿಲೇ, ಹೀಟರ್ ಕಾಯಿಲ್ ಕೊಂಡು ಸುಮಾರು 3 ಸಾವಿರದೊಳಗೆ ಮಾಡಿಕೊಂಡದ್ದು ಅರ್ಧ ಡಿಗ್ರಿಯೊಳಗೆ ನಿಲ್ಲುತ್ತದೆ.

ಕ್ಷಾರೀಯ ಎಳೆ ಹೆಚ್ಚು ಸತಾಯಿಸುತ್ತದೆ. ಲೈಸಿನ್ ತುಂಬಿರುವುದರಿಂದ ಡಿಎನ್‌ಎ, ಆರ್‌ಎನ್‌ಎ ಎಳೆದುಕೊಂಡೇ ಬರುತ್ತದೆ, 260 ನ್ಯಾನೊಮೀಟರ್ ಬೆಳಕಿನ ಹೀರಿಕೆ (ಡಿಎನ್‌ಎ, ಆರ್‌ಎನ್‌ಎ ಗುರುತು) 280ರದ್ದನ್ನು (ಪ್ರೋಟೀನ್ ಗುರುತು) ಮೀರುತ್ತದೆ. ನಿಕಲ್ ಕಾಲಂ ಮೇಲಿರುವಾಗಲೇ 1 ಮೋಲಾರ್ ಉಪ್ಪಿನಿಂದ ಚೆನ್ನಾಗಿ ತೊಳೆಯಿರಿ. ಅಷ್ಟು ಉಪ್ಪಿನಲ್ಲಿ ಟಿಇವಿ ಮಂಕಾಗುತ್ತದೆ, ಆದ್ದರಿಂದ ಕತ್ತರಿಸುವ ಮುನ್ನ 150 ಮಿಲಿಮೋಲಾರ್‌ಗೆ ಡಯಾಲಿಸಿಸ್. ಜಿಬಿ1 ಬೇರ್ಪಡಿಸುವ ಎರಡನೇ ನಿಕಲ್ ಸುತ್ತಿಗೆ ಮತ್ತೆ 500ಕ್ಕೆ ಏರಿಸಿ, ಇಲ್ಲದಿದ್ದರೆ ಋಣ ಚಾರ್ಜಿನ ಜಿಬಿ1ಗೆ ಎಳೆ ಅಂಟಿಕೊಂಡು ಕಾಲಂನಲ್ಲೇ ಉಳಿಯುತ್ತದೆ.

ಜೆಲ್‌ನಲ್ಲಿ ಆಮ್ಲೀಯ ಎಳೆ ಕಾಣದಿದ್ದರೆ ಹೆದರಬೇಡಿ. ಕೂಮಾಸಿ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಮೇಲಾಗಿ ಹೆಚ್ಚಿನ ಬಣ್ಣ ತೆಗೆಯುವ ಡಿಸ್ಟೇನ್‌ನಲ್ಲಿ ಎಳೆ ತೊಳೆದೇ ಹೋಗುತ್ತದೆ. ಟ್ರೈಸಿನ್ ಜೆಲ್ ಹಾಕಿ ಗ್ಲುಟರಾಲ್ಡಿಹೈಡಿನಿಂದ ಹಿಡಿದು ನಿಲ್ಲಿಸಿ.

ಸುರುಳಿಯಾಗಿದೆಯೇ ಎಂದು ಬೆಳಕಿನಿಂದ ನೋಡುವ ಸಿಡಿಗೆ (ಸರ್ಕ್ಯುಲರ್ ಡೈಕ್ರೊಯಿಸಂ) ಪಾಸ್ಫೇಟ್ ಬಫರ್, ಉಪ್ಪಾಗಿ ಸೋಡಿಯಂ ಫ್ಲೋರೈಡ್. ಕ್ಲೋರೈಡ್ ಇದ್ದರೆ 200 ನ್ಯಾನೊಮೀಟರ್ ಕೆಳಗೆ ಏನೂ ಓದಲಾಗುವುದಿಲ್ಲ. ಸಾಂದ್ರತೆ ಅಳೆಯಲು ಒಂದು ಎಳೆಯ ತುದಿಗೆ ಟ್ರಿಪ್ಟೊಫಾನ್, ಇನ್ನೊಂದಕ್ಕೆ ಟೈರೊಸಿನ್ ಇಟ್ಟಿದ್ದೇನೆ. ಬೆರಕೆಯಲ್ಲಿ ಸುರುಳಿಯ ಗುರುತಾದ 208, 222ರ ಎರಡೂ ಕುಳಿ ಸ್ಪಷ್ಟ. ಹತ್ತುಪಟ್ಟು ತೆಳುಮಾಡಿದಾಗ ಕರಗುವ ತಾಪಮಾನ ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಕೈಯಲ್ಲಿರುವುದು ಜೋಡಿಯಲ್ಲ.

ನಡುವೆ ಎ, ಡಿ ಎರಡಕ್ಕೂ ಐಸೊಲ್ಯೂಸಿನ್ ಹಾಕಿ, ಆಸ್ಪರಜಿನ್ ತೆಗೆದು ನೋಡಿದೆ. 1993ರಲ್ಲಿ ಹಾರ್ಬರಿ ಮತ್ತು ಸಂಗಡಿಗರು ಯೀಸ್ಟಿನ ಜಿಸಿಎನ್4 ಪ್ರೋಟೀನಿನ ಜಿಪ್ಪರಿನಲ್ಲಿ (ಸಹಜ ಕಾಯಿಲ್ಡ್-ಕಾಯಿಲ್) ತೋರಿಸಿದಂತೆಯೇ ಮೂರೆಳೆಯಾಯಿತು. ಗಾತ್ರ ನೋಡಿ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್ ಅದನ್ನು ಇನ್ನೂ ದೊಡ್ಡದೆಂದು ತೋರಿಸಿತು, ಉದ್ದನೆಯ ಅಣುಗಳಿಗೆ ಅದು ಸುಳ್ಳು ಹೇಳುತ್ತದೆ. ಅಲ್ಟ್ರಾಸೆಂಟ್ರಿಫ್ಯೂಜಿನ ತೂಕವೇ ಸರಿ. ಪಿಎಚ್ 4ಕ್ಕೆ ಇಳಿಸಿದರೆ ಗ್ಲುಟಮೇಟ್‌ಗಳ ಚಾರ್ಜ್ ಕಳೆದು ಆಮ್ಲೀಯ ಎಳೆ ತನಗೆ ತಾನೇ ಜೋಡಿಯಾಗುತ್ತದೆ, ಹಾಗಾಗಿ ಒಂಟಿ ಎಳೆಯ ಪರೀಕ್ಷೆಯನ್ನು 7ರ ಆಸುಪಾಸಿನಲ್ಲೇ ಮಾಡಿ.

ದಿಕ್ಕು ಸಾಬೀತುಮಾಡಲು ಸಿಸ್ಟೀನ್-ಗ್ಲೈಸಿನ್-ಗ್ಲೈಸಿನ್ ಬಾಲ ಸಾಕು. ಎರಡೂ ಎಳೆಗೆ ಎನ್ (ಆರಂಭದ) ತುದಿಯಲ್ಲಿ ಒಂದು ಸೆಟ್, ಒಂದಕ್ಕೆ ಎನ್ ಮತ್ತೊಂದಕ್ಕೆ ಸಿ (ಕೊನೆಯ) ತುದಿಯಲ್ಲಿ ಇನ್ನೊಂದು ಸೆಟ್. ಗ್ಲುಟಥಯೋನಿನ ಎರಡೂ ರೂಪ (ಆಕ್ಸಿಡೀಕೃತ, ಅಪಕರ್ಷಿತ) ಇರುವ ಬಫರ್‌ನಲ್ಲಿ ಸಮತೋಲಕ್ಕೆ ಬಿಟ್ಟು, ಆಮ್ಲ ಸೇರಿಸಿ ನಿಲ್ಲಿಸಿ, ಎಚ್‌ಪಿಎಲ್‌ಸಿಗೆ ಹಾಕಿ. ನನ್ನಲ್ಲಿ ಮೊದಲ ಸೆಟ್ ಬಹುತೇಕ ಪೂರ್ತಿ ಡೈಸಲ್ಫೈಡ್ (ಎರಡು ಸಿಸ್ಟೀನ್‌ಗಳ ಕೊಂಡಿ) ಆಯಿತು, ಎರಡನೆಯದು ಆಗಲಿಲ್ಲ; ಅಂದರೆ ಎಳೆಗಳು ಒಂದೇ ದಿಕ್ಕಿಗೆ ನಿಂತಿವೆ.